ಕೊನೆಯ ಅಧ್ಯಾಯದಲ್ಲಿ ನಗುವ ಹುಡುಗಿ

ಹತ್ತು ವರ್ಷದ ಮಗುವೊಂದು ನಿಮ್ಮೆದುರು ನಿಂತು "ನನಗೆ ಹಾಗೆ ಅನ್ನಿಸುವುದಿಲ್ಲ" ಎಂದರೆ ನೀವು ಯಾವುದನ್ನು ನಂಬುತ್ತೀರಿ — ಆ ಮಗುವಿನ ಮಾತನ್ನೋ, ಅದಕ್ಕೆ ಹೇಗೆ ಅನ್ನಿಸಬೇಕೆಂದು ನೀವು ಮೊದಲೇ ಮಾಡಿಕೊಂಡ ತೀರ್ಮಾನವನ್ನೋ? ನಾನು ನನ್ನ ತೀರ್ಮಾನವನ್ನು ನಂಬಿದೆ. ನಂಬಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಮಗು ಹೇಳುತ್ತಿರುವುದೇ ಸರಿಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ತಂದೆಗೆ ಬೇರೆಯದನ್ನು ಹೇಳಿದೆ. ಅದರಿಂದ ಈರಮ್ಮ ಎಂಬ ಹುಡುಗಿಯ ಓದು ನಿಂತಿತು. ಅದಕ್ಕೂ ಮೊದಲೇ, ನಾನು ಬರೆದ ಒಂದು ಪುಟದಿಂದ, ಓಬಮ್ಮ ಎಂಬ ಹೆಂಗಸಿಗೆ ಅವಳು ಮಾಡದ ತಪ್ಪಿನ ಹೆಸರು ಅಂಟಿಕೊಂಡಿತ್ತು. ಅದು ಅವಳು ಸತ್ತ ಮೇಲೂ ಬಿಡಲಿಲ್ಲ.

ನಿಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ನನ್ನ ಆ ಪುಸ್ತಕವನ್ನು ಓದಿರಬಹುದು. ಮುಖಪುಟದಲ್ಲಿ ಕುರಿಮರಿಯನ್ನು ಅವಚಿಕೊಂಡ ಹುಡುಗಿಯ ಚಿತ್ರವಿತ್ತು. ಕಥೆಯಲ್ಲಿ ಅವಳ ಹೆಸರು ಗೌರಿ. ತಾಯಿ ಸತ್ತ ಮೇಲೆ ಮನೆಗೆ ಬಂದ ಚಿಕ್ಕವ್ವನನ್ನು ಗೌರಿ ಮೊದಲು ದ್ವೇಷಿಸುತ್ತಾಳೆ, ಆಮೇಲೆ ಸಂದೇಹದಿಂದ ನೋಡುತ್ತಾಳೆ, ಆಮೇಲೆ ಮರುಗುತ್ತಾಳೆ, ಕೊನೆಯ ಅಧ್ಯಾಯದಲ್ಲಿ "ಅವ್ವಾ" ಎಂದು ಕೂಗಿ ನಗುತ್ತಾಳೆ. ಮಕ್ಕಳ ಕಥೆಯಲ್ಲಿ ಪಾತ್ರವೊಂದರ ಭಾವನೆಗಳು, ಸಂಬಂಧಗಳು ಹಂತ ಹಂತವಾಗಿ ಹೇಗೆ ಬದಲಾಗಬೇಕು ಎಂಬುದಕ್ಕೆ ಉಪಾಧ್ಯಾಯರ ಸಭೆಗಳಲ್ಲಿ ಅದನ್ನು ಮಾದರಿಯಾಗಿ ತೋರಿಸುತ್ತಿದ್ದರು. ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ನಾನೇ ವೇದಿಕೆಯೇರಿ ಆ ಹಂತಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೇನೆ. ಚೆನ್ನಾಗಿಯೇ ಮಾತನಾಡಿದೆ — ಅದು ನನಗೆ ಬರುತ್ತಿತ್ತು.

ಕಾಲೇಜಿನಲ್ಲಿ ನಾನು ಚರ್ಚಾಕೂಟದವನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರು ಪಕ್ಷದ ವಾದವನ್ನು ಮೊದಲು ನಾವೇ ಎತ್ತರಕ್ಕೆ ಕಟ್ಟಿ ನಿಲ್ಲಿಸಬೇಕು, ಆಗ ಅದನ್ನು ಕೆಡವಿದ್ದಕ್ಕೆ ಬೆಲೆ ಎಂದು ನಮಗೆ ಕಲಿಸಿದ್ದರು. ಆ ಪಾಠವನ್ನು ನಾನು ವಾದಕ್ಕಷ್ಟೇ ಇಟ್ಟುಕೊಳ್ಳಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದು. ನಾವು ಕೆಲವು ಸ್ನೇಹಿತರು ಸೇರಿ ಹಿರಿಯೂರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಒಂದು ವಿದ್ಯಾರ್ಥಿನಿಲಯವನ್ನು ತೆರೆದೆವು. ಹೆಂಚಿನ ಮನೆ, ಮುಂದೆ ಉದ್ದನೆಯ ಜಗುಲಿ. ಅಡುಗೆಗೂ ಮಕ್ಕಳ ಮೇಲ್ವಿಚಾರಣೆಗೂ ಪುಟ್ಟಮ್ಮನವರೆಂಬ ಹಿರಿಯರಿದ್ದರು. ಲೆಕ್ಕಪತ್ರ, ಪಾಠ, ಭಾಷಣ ನನ್ನದು. ಮನುಷ್ಯನ ಹೃದಯ ಪರಿವರ್ತನೆಯಾದರೆ ದೇಶ ತಾನಾಗಿಯೇ ಸರಿಹೋಗುತ್ತದೆ ಎಂದು ನಾವು ಪ್ರಾಮಾಣಿಕವಾಗಿ ನಂಬಿದ್ದ ಕಾಲ ಅದು. ಹೃದಯ ಪರಿವರ್ತನೆ — ಆ ಪದವನ್ನು ಎಷ್ಟು ಸಲ ಬಳಸಿದೆನೋ. ಈಗ ಬರೆದು ನೋಡಿದರೆ ಯಾರದೋ ಅಂಗಿಯಂತೆ ಕಾಣುತ್ತದೆ.

ಹರಿಯಬ್ಬೆ ಎಂಬ ಹಳ್ಳಿಯಿಂದ ಗಿರಿಯಪ್ಪ ಮಗಳು ಈರಮ್ಮನನ್ನು ಕರೆದುಕೊಂಡು ಬಂದ. ಕುರಿ ಕಾಯುವವನು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಜಗುಲಿಯ ಮೇಲೆ ಕೂರಲು ಹೇಳಿದರೂ ಕೂರಲಿಲ್ಲ.

"ಸಾಮಿ, ಇವಳು ಮನೇಲಿ ಉಣ್ಣಲ್ಲ. ಇವಳವ್ವ ತೀರ್ಕಂಡ್ಮೇಲೆ ನಾನು ಇನ್ನೊಂದು ಮದ್ವೆ ಆದೆ. ಆವಾಗ್ಲಿಂದ ಚಿಕ್ಕವ್ವ ಇಕ್ಕಿದ್ದನ್ನ ಮುಟ್ಟಲ್ಲ. ಕಂಡೋರ ಬಾಗ್ಲಲ್ಲಿ ಉಂಡು ಬರ್ತಾಳೆ. ಊರಾಗೆ ತಲೆ ಎತ್ತಂಗಿಲ್ಲ. ನಿಮ್ ತಾವ ಇಟ್ಕಳ್ರಿ. ಉಂಡ್ರೆ ಸಾಕು, ಓದಿದ್ರೆ ಇನ್ನೂ ಒಳ್ಳೇದು."

ಈರಿ — ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು — ಉಂಡಳು, ಓದಿದಳು. ನಮ್ಮಲ್ಲಿದ್ದ ಕಥೆಪುಸ್ತಕಗಳನ್ನೆಲ್ಲ ಮುಗಿಸಿ, ಪುಟ್ಟಮ್ಮನವರು ಬೇಳೆ ಕಟ್ಟಿ ತಂದ ಪತ್ರಿಕೆಯ ಚೂರನ್ನೂ ಬಿಡಿಸಿ ಓದುತ್ತಿದ್ದಳು. ಆ ಮನೆಯಲ್ಲಿ ಅಷ್ಟು ಹಸಿವಿನಿಂದ ಓದಿದ ಇನ್ನೊಂದು ಮಗುವನ್ನು ನಾನು ಕಾಣಲಿಲ್ಲ.

ಚಿಕ್ಕವ್ವನ ಮೇಲೆ ಸಿಟ್ಟೇಕೆಂದು ನಾನು ಕೇಳಿದೆ. ಬಹಳ ದಿನ ಹೇಳಲಿಲ್ಲ. ಒಂದು ದಿನ ಮುಸುರೆ ತಿಕ್ಕುತ್ತ, ಮುಖ ಎತ್ತದೆ ಹೇಳಿದಳು. ಸತ್ತ ತಾಯಿ ಹೊದೆಯುತ್ತಿದ್ದ ಕಂಬಳಿಯೊಂದು ಮನೆಯಲ್ಲಿತ್ತು. ಈರಿ ಅದನ್ನೇ ಹೊದ್ದು ಮಲಗುತ್ತಿದ್ದಳು. ಹೊಸದಾಗಿ ಬಂದ ಓಬಮ್ಮ ಮನೆಯನ್ನೆಲ್ಲ ಚೊಕ್ಕಟ ಮಾಡಿದಳು. ಆ ಕಂಬಳಿಯನ್ನೂ ಕೆರೆಗೆ ಒಯ್ದು ಚೌಳು ಮಣ್ಣು ಹಾಕಿ ತೊಳೆದು ಒಣಗಿಸಿ, ಮಡಿಸಿ ತಂದು ಈರಿಯ ಕೈಗೇ ಕೊಟ್ಟಳು.

"ಅವ್ವನ ವಾಸ್ನೆ ಹೋಗ್ಬಿಡ್ತು," ಎಂದಳು ಈರಿ. ನನ್ನ ಮುಖ ನೋಡಿ ಇನ್ನಷ್ಟು ಬಿಡಿಸಿ ಹೇಳಬೇಕೆನ್ನಿಸಿತೇನೋ. "ಕುರಿ ಮರಿ ಸತ್ತೋದ್ರೆ ನಮ್ಮಪ್ಪ ಅದರ ಚರ್ಮ ಸುಲ್ದು ಇನ್ನೊಂದು ತಬ್ಬಲಿ ಮರಿಗೆ ಹೊದಿಸ್ತಾನೆ ಮೇಷ್ಟ್ರೇ. ತಾಯಿ ಕುರಿ ವಾಸ್ನೆ ನೋಡಿ ನಂದೇ ಅಂತ ಹಾಲು ಬಿಡ್ತೈತೆ. ಚರ್ಮ ತೊಳ್ದು ಹೊದಿಸಿದ್ರೆ ಬಿಡ್ತದಾ? ಒದೀತೈತೆ."

ಇದಿಷ್ಟೇ ಕಾರಣ. ಒಬ್ಬಳು ಒಳ್ಳೆಯ ಮನಸ್ಸಿನಿಂದ ಕಂಬಳಿ ತೊಳೆದಳು. ಇನ್ನೊಬ್ಬಳು ಅವಳ ಕೈಯ ಅನ್ನವನ್ನು ಬಿಟ್ಟಳು. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಅದನ್ನು ಹಾಗೆಯೇ ಬರೆದಿದ್ದರೆ —

ಬರೆಯಲಿಲ್ಲ. ಮಕ್ಕಳಿಗೆ ಈ ಕಾರಣ ಸಾಲದು ಎನ್ನಿಸಿತು. ಗೌರಿಯ ಮನಸ್ಸು ಕೊನೆಗೆ ತಿರುಗಬೇಕಾದರೆ ಮೊದಲು ಅದು ಬಹಳ ದೂರ ಹೋಗಿರಬೇಕು. ಅಷ್ಟು ದೂರ ಹೋಗಲು ಚಿಕ್ಕವ್ವ ಕ್ರೂರಿಯಾಗಬೇಕು. ಆದ್ದರಿಂದ ಮೂರನೆಯ ಅಧ್ಯಾಯದಲ್ಲಿ ನನ್ನ ಚಿಕ್ಕವ್ವ ಒಲೆಯಲ್ಲಿ ಸೌಟು ಕಾಯಿಸಿ ಗೌರಿಯ ಮುಂಗೈ ಸುಡುತ್ತಾಳೆ. ಈರಿ ಹೇಳಿದ ಕುರಿಯನ್ನು ಕೊನೆಯ ಅಧ್ಯಾಯಕ್ಕೆ ತೆಗೆದುಕೊಂಡೆ: ತಬ್ಬಲಿ ಮರಿಗೆ ಕುರಿ ಹಾಲೂಡಿಸುವುದನ್ನು ಕಂಡು ಗೌರಿಯ ಹೃದಯ ಕರಗುತ್ತದೆ, ಓಡಿ ಹೋಗಿ ಚಿಕ್ಕವ್ವನನ್ನು ತಬ್ಬಿಕೊಳ್ಳುತ್ತಾಳೆ. ಒದೆಯುವ ಮಾತನ್ನು ಬಿಟ್ಟುಬಿಟ್ಟೆ.

ಬರೆದ ಅಧ್ಯಾಯಗಳನ್ನು ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಹುಡುಗಿಯರಿಗೆ ಓದಿ ಹೇಳುತ್ತಿದ್ದೆ. ಅವರಿಗೆ ಗುಟ್ಟು ಬೇಗ ತಿಳಿಯಿತು.

"ಗೌರಿ ಅಂದ್ರೆ ನಮ್ಮ ಈರಿನೇ ಕಣ್ರೇ!" ಎಂದಳು ರತ್ನ ಎಂಬ ಹುಡುಗಿ.

"ಲೇ, ಗೌರಿಗೆ ಮೂಗು ಸೋರಲ್ಲ. ಇವಳಿಗೆ ನೋಡು, ಯಾವಾಗ್ಲೂ ಸೋರ್ತೈತೆ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಈರಿಯೂ ಮೂಗೊರೆಸಿಕೊಂಡು ನಕ್ಕಳು. ಸೌಟಿನ ಭಾಗ ಬಂದಾಗ ಮಾತ್ರ ತನ್ನ ಮುಂಗೈಯನ್ನು ತಿರುಗಿಸಿ ನೋಡಿಕೊಂಡಳು. ನಾನು ಅದನ್ನು ಕಂಡೆ. ಕಂಡು ಮುಂದಿನ ಸಾಲನ್ನು ಓದಿದೆ.

ಕೊನೆಯ ಅಧ್ಯಾಯ ಮುಗಿದ ದಿನ ಉಳಿದವರು ಎದ್ದು ಹೋದರು. ಈರಿ ಕುಳಿತೇ ಇದ್ದಳು.

"ಮೇಷ್ಟ್ರೇ, ಗೌರಿ ನಗಲ್ಲ."

"ಯಾಕೆ?"

"ಅವಳಿಗೆ ನಗು ಬರಲ್ಲ."

"ಮತ್ತೆ ಏನು ಮಾಡುತ್ತಾಳೆ?"

ಸ್ವಲ್ಪ ಯೋಚಿಸಿದಳು. "ಸುಮ್ನೆ ಕುಂತ್ಕಂತಾಳೆ. ಚಿಕ್ಕವ್ವ ಮುದ್ದೆ ಇಕ್ತಾಳೆ. ತಿಂತಾಳೆ."

"ಅಷ್ಟೇಯಾ?"

"ತಿಂತಾಳಲ್ಲ ಮೇಷ್ಟ್ರೇ. ಮೊದ್ಲು ತಿಂತಿರ್ಲಿಲ್ಲ."

ಆ ಮಾತಿನ ಬೆಲೆ ನನಗೆ ಆಗ ತಿಳಿಯಲಿಲ್ಲವೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸಬಹುದು. ಆದರೆ ತಿಳಿಯಿತು. ನನ್ನ ಅಷ್ಟೂ ಅಧ್ಯಾಯಗಳಿಗಿಂತ ಅದು ಸತ್ಯವೆಂದು ಆ ಕ್ಷಣವೇ ತಿಳಿಯಿತು. ಅದರಿಂದ ಸಭೆಯಲ್ಲಿ ಚಪ್ಪಾಳೆ ಬರುವುದಿಲ್ಲವೆಂಬುದೂ ತಿಳಿಯಿತು. ನಾನು ಹೇಳಿದ ಮಾತು ಅಕ್ಷರ ಅಕ್ಷರವಾಗಿ ನೆನಪಿದೆ: "ಮಕ್ಕಳ ಕಥೆ ಕೊನೆಯಲ್ಲಿ ನಗಬೇಕು, ಈರಿ. ನಿನಗೆ ಹಾಗೆ ಅನ್ನಿಸದಿದ್ದರೆ, ಅನ್ನಿಸುವ ಹಾಗೆ ಓದು."

ಓದು ಎಂದದ್ದು ಏಕೆಂದರೆ, ಪುಸ್ತಕ ಅಚ್ಚಾದಾಗ ಚಿತ್ರದುರ್ಗದಲ್ಲಿ ಒಂದು ಸಭೆ ಏರ್ಪಾಡಾಗಿತ್ತು. ಶಾಲೆಗಳಿಗೆ ಪುಸ್ತಕ ಆರಿಸುವ ಹಿರಿಯರು ಬರುವವರಿದ್ದರು. ಮೂರನೆಯ ಅಧ್ಯಾಯವನ್ನು ನಾನು ಓದುವುದು, ಕೊನೆಯದನ್ನು ಈರಿ ಓದುವುದು ಎಂದು ನಿಶ್ಚಯಿಸಿದ್ದೆ. ಅಷ್ಟೇ ಅಲ್ಲ, ಗಿರಿಯಪ್ಪನಿಗೂ ಓಬಮ್ಮನಿಗೂ ಹೇಳಿಕಳಿಸಿ ಕರೆಸಿಕೊಂಡೆ. ಅವರ ಕಣ್ಣೆದುರೇ ಆ ಮಗುವಿನ ಬಾಯಿಂದ "ಅವ್ವಾ" ಎಂಬ ಮಾತು ಬರಬೇಕು, ಬಂದರೆ ಸಾಕು, ಕಲ್ಲೂ ಕರಗುತ್ತದೆ — ಹೀಗೆಲ್ಲ ನಾನು ಎಣಿಸಿದ್ದೆ.

ಈರಿ ಚೆನ್ನಾಗಿ ಓದಿದಳು. ಹೇಳಿಕೊಟ್ಟ ಕಡೆ ನಿಲ್ಲಿಸಿದಳು, ಹೇಳಿಕೊಟ್ಟ ಕಡೆ ನಕ್ಕಳು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಹಳ ಹೊತ್ತು ಇತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ತುಂಬಿದ ಬಸುರಿ ಓಬಮ್ಮ ಕುಳಿತಿದ್ದಳು. ಅವಳು ಕೈ ತಟ್ಟಲಿಲ್ಲ. ಸಭೆ ಮುಗಿದ ಮೇಲೆ ಬಾಗಿಲ ಹೊರಗೆ ನನಗಾಗಿ ಕಾಯುತ್ತಿದ್ದಳು.

"ಸಾಮಿ, ನಾನು ಸೌಟು ಇಕ್ಲಿಲ್ಲ."

"ಇದು ಕಥೆ ತಾಯಿ. ಅವಳು ಬೇರೆ, ನೀವು ಬೇರೆ."

"ಹೆಸ್ರು ಬ್ಯಾರೆ ಇಟ್ಟೀರಿ. ಕುರಿ ನಮ್ವೇ, ಊರು ನಮ್ದೇ, ಹುಡುಗಿ ನಮ್ದೇ. ಸೌಟು ಮಾತ್ರ ಯಾರ್ದು ಸಾಮಿ?"

ಅಷ್ಟರಲ್ಲಿ ಯಾರೋ ನನ್ನನ್ನು ಕರೆದರು, ಹೋದೆ. ಹಿರಿಯರು ಪುಸ್ತಕವನ್ನು ಒಪ್ಪಿಕೊಂಡಿದ್ದರು.

ಪುಸ್ತಕ ಶಾಲೆಗಳಿಗೆ ಹೋಯಿತು. ಹರಿಯಬ್ಬೆಯ ಶಾಲೆಗೂ ಹೋಯಿತು. ಕೆಲವು ತಿಂಗಳಾದ ಮೇಲೆ ಗಿರಿಯಪ್ಪ ಮತ್ತೆ ಜಗುಲಿಯ ಮುಂದೆ ಬಂದು ನಿಂತ. ಈ ಸಲ ಕೂರಲು ಹೇಳುವ ಮೊದಲೇ ಕುಳಿತ.

"ಸಾಮಿ, ಊರಾಗೆ ಹುಡುಗ್ರು ಇವಳ ಚಿಕ್ಕವ್ವನ್ನ 'ಸೌಟೋಬಮ್ಮ' ಅಂತಾರೆ. ನೀರಿಗೆ ಹೋದ್ರೆ ಹೆಂಗಸ್ರು ಕೊಡ ಪಕ್ಕಕ್ಕಿಕ್ತಾರೆ. ಕೂಸು ಹುಟ್ಟೈತೆ, ನೋಡಾಕೆ ಯಾರೂ ಬರ್ಲಿಲ್ಲ." ಕೋಲನ್ನು ಕೆಳಗಿಟ್ಟ. "ಹುಡುಗಿ ಬಂದು ಮನೇಲಿದ್ರೆ ಜನದ ಬಾಯಿ ಮುಚ್ತೈತೆ. ಆದ್ರೆ ನಾನು ಮೋಸ ಮಾಡಾಕಿಲ್ಲ. ಅವಳನ್ನ ಕೇಳಿದ್ರೆ ಮಾತೇ ಆಡಲ್ಲ, ನಿಮ್ ತಾವಾದ್ರೆ ಆಡ್ತಾಳೆ. ನೀವೇ ಹೇಳ್ರಿ. ಪುಸ್ತಕದಾಗಿರಂಗೆ ಮಗಳ ಮನಸ್ಸು ನಿಜವಾಗ್ಲೂ ತಿರುಗೈತಾ? ತಿರುಗಿದ್ರೆ ಕರ್ಕಂಡ್ ಹೋಗ್ತೀನಿ. ಇಲ್ದಿದ್ರೆ ಇಲ್ಲೇ ಇರ್ಲಿ, ಓದ್ಲಿ. ಊರು ಏನಾರ ಅಂದ್ಕಳ್ಳಿ."

ಅಷ್ಟು ನ್ಯಾಯವಾಗಿ ಪ್ರಶ್ನೆಯನ್ನು ಮುಂದಿಟ್ಟವರನ್ನು ನಾನು ಯಾವ ಚರ್ಚಾಕೂಟದಲ್ಲಿಯೂ ಕಂಡಿಲ್ಲ. "ಇಲ್ಲ" ಎಂದಿದ್ದರೆ ಈರಿ ಉಳಿಯುತ್ತಿದ್ದಳು. ಓದುತ್ತಿದ್ದಳು. ಆದರೆ "ಇಲ್ಲ" ಎಂದರೆ ಕೊನೆಯ ಅಧ್ಯಾಯ ಸುಳ್ಳು. ಅದು ಸುಳ್ಳಾದರೆ ಆ ಸೌಟು ಯಾವುದಕ್ಕಾಗಿ ಎಂಬ ಪ್ರಶ್ನೆ ಬರುತ್ತದೆ. ಆಗ ನಾನು —

ಈರಿ ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದಳು. ಗುಡಿಸುವುದನ್ನು ನಿಲ್ಲಿಸಿದ್ದಳು.

"ತಿರುಗಿದೆ," ಎಂದೆ.

ಅವಳು ನನ್ನನ್ನು ನೋಡಿದಳು. ಉಳಿದ ಜಾಗವನ್ನು ಗುಡಿಸಿ ಮುಗಿಸಿ, ಪೊರಕೆಯನ್ನು ಮೂಲೆಗೆ ಆನಿಸಿ, ಒಳಗೆ ಹೋಗಿ ತನ್ನ ಬಟ್ಟೆಯ ಗಂಟನ್ನು ತಂದಳು. ಓದುತ್ತಿದ್ದ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಅದು ನನ್ನ ಪುಸ್ತಕವಲ್ಲ. ಪುಟ್ಟಮ್ಮನವರು ಅಡುಗೆಮನೆಯಿಂದ ಬಂದು, "ಯಾಕ್ರೀ ಕಳಿಸ್ತೀರಿ? ಪರೀಕ್ಷೆ ಹತ್ರ ಐತಲ್ಲ," ಎಂದರು. ನಾನು ಲೆಕ್ಕದ ಪುಸ್ತಕವನ್ನು ತೆರೆದೆ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಮದುವೆಯಾಯಿತೆಂದು ಕೇಳಿದೆ. ನಾನು ಬಾಲ್ಯವಿವಾಹದ ವಿರುದ್ಧ ಭಾಷಣ ಮಾಡುತ್ತಿದ್ದೆ. ಅವಳ ವಯಸ್ಸನ್ನು ಲೆಕ್ಕಹಾಕಲು ಹೋಗಲಿಲ್ಲ.

ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಪ್ರತಿ ಸಲ ಕರಡು ತಿದ್ದಲು ಬಂದಾಗಲೂ ಸೌಟಿನ ಪುಟವನ್ನು ತೆಗೆಯಲು ನನಗೆ ಅವಕಾಶವಿತ್ತು. ಅಚ್ಚಿನ ತಪ್ಪುಗಳನ್ನಷ್ಟೇ ತಿದ್ದಿ ಕಳುಹಿಸಿದೆ. ರಾತ್ರಿಗಳಲ್ಲಿ ನಿದ್ದೆ ಬರಲಿಲ್ಲವೆಂದು ಬರೆದರೆ ಅದು ಇನ್ನೊಂದು ಕಟ್ಟುಕಥೆಯಾದೀತು. ಬಂತು. ಪಾತ್ರವೊಂದರ ಮನಸ್ಸಿನಲ್ಲಿ ಅಷ್ಟು ಬದಲಾವಣೆಗಳನ್ನು ತಂದವನ ಒಳಗೆ ಏನೂ ಅಲುಗಾಡಲಿಲ್ಲ. ಎಲ್ಲಿ ಮುಟ್ಟಿದರೂ ಜೋಮು ಹಿಡಿದ ಕಾಲಿನ ಹಾಗೆ — ಅದು ನನ್ನದೇ ಎಂದು ಗೊತ್ತು, ಆದರೆ ಅಷ್ಟೇ.

ಎಷ್ಟೋ ವರ್ಷಗಳ ಮೇಲೆ, ನಾನು ಮುದುಕನಾದ ಮೇಲೆ, ಯಲ್ಲದಕೆರೆಯ ಶಾಲೆಗೆ ಪುಸ್ತಕಗಳನ್ನು ಕೊಡಲು ಹೋಗಿದ್ದೆ. ಮಕ್ಕಳೆದುರು ನಿಲ್ಲಿಸಿ ಅಲ್ಲಿನ ಉಪಾಧ್ಯಾಯರು ನನ್ನ ಹೆಸರು ಹೇಳಿದರು. ಶಾಲೆ ಬಿಟ್ಟ ಮೇಲೆ ಒಬ್ಬ ಪುಟ್ಟ ಹುಡುಗಿ ಬಂದು ನನ್ನ ಅಂಗಿಯ ತುದಿ ಎಳೆದು, "ನಮ್ಮಜ್ಜಿ ಕರೀತೈತೆ, ಬರಬೇಕಂತೆ," ಎಂದಳು. ಅಜ್ಜಿ ಈರಮ್ಮ. ಬಾಗಿಲಲ್ಲಿಯೇ ನಿಂತಿದ್ದಳು. ನಾನು ಗುರುತು ಹಿಡಿಯಲಿಲ್ಲ. ಅವಳೇ ಹೆಸರು ಹೇಳಿದಳು.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಮೊಮ್ಮಗಳು ನಿಮ್ ಪುಸ್ತಕ ತಂದು ಓದಿದ್ಲು. 'ಅಜ್ಜಿ, ಇದು ನೀನಾ?' ಅಂದ್ಲು. ನಾನಲ್ಲವ್ವ ಅಂದೆ."

ಮಜ್ಜಿಗೆ ಕೊಟ್ಟಳು. ಅವಳ ತಂದೆಯ ವಿಚಾರ, ಕುರಿ ಮಾರಿದ ವಿಚಾರ, ಬಬ್ಬೂರಿನ ಕೃಷಿ ಫಾರಂನಲ್ಲಿ ಮಗ ಕೂಲಿಗೆ ಹೋಗುವ ವಿಚಾರ ಮಾತನಾಡಿದಳು. ಓಬಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನಲ್ಲಿ ಇನ್ನೂ ಆ ಹಳೆಯ ಲೇಖಕನಿದ್ದ. ನಾಚಿಕೆಯಿಲ್ಲದೆ ಕೇಳಿದೆ: "ಈರಮ್ಮ, ಆಮೇಲಾದರೂ ಮನಸ್ಸು ತಿರುಗಿತೇ?"

"ಯಾಕೆ, ಬರ್ಕಂತೀರಾ?" ಎಂದು ನಕ್ಕಳು. ನಾನು ಹೇಳಿಕೊಟ್ಟ ನಗು ಅದಾಗಿರಲಿಲ್ಲ. ಮೊಮ್ಮಗಳನ್ನು ಹೊರಗೆ ಆಡಲು ಕಳಿಸಿದಳು.

"ಅವ್ವ ಅಂತ ಒಂದಿನಾನೂ ಕರೀಲಿಲ್ಲ. ಪ್ರೀತಿ ಗೀತಿ ಗೊತ್ತಿಲ್ಲ ಮೇಷ್ಟ್ರೇ. ನಾನು ಮನೆಗೆ ಹೋದ ದಿನಾನೇ ಮುದ್ದೆ ಇಕ್ಕಿದ್ಲು. ತಿಂದೆ. ಅವಳೂ ಪಾಪ ಹೆದರ್ಕಂಡೇ ಇಕ್ಕಿದ್ಲು. ಆಮೇಲೆ ಹಂಗೇ ಆತು. ಅವಳು ಸತ್ತಾಗ ನಾನು ಹೋದೆ. ಹೆಣದ ಸುತ್ತ ಕುಂತಿದ್ದ ಹೆಂಗಸ್ರು ಗುಸುಗುಸು ಅಂತಾವ್ರೆ — ಸೌಟೋಬಮ್ಮ ಹೋದ್ಲು, ಮಾಡಿದ್ದು ಉಂಡ್ಳು ಅಂತ. ನನಗೆ ಏನಾತೋ. ಎದ್ದು ನಿಂತು ರವಿಕೆ ತೋಳು ಏರಿಸಿ ಎರಡು ಕೈನೂ ತೋರಿಸ್ದೆ. ನೋಡ್ರೇ, ಎಲ್ಲೈತೆ ಸುಟ್ಟಿದ್ದು, ಹುಡುಕ್ರೇ ಅಂದೆ. ಒಬ್ರೂ ಮಾತಾಡ್ಲಿಲ್ಲ."

ಹೀಗೆ ಹೇಳುತ್ತಲೇ ಅವಳು ತನ್ನ ಎರಡೂ ಮುಂಗೈಗಳನ್ನು ನನ್ನ ಮುಂದೆ ಚಾಚಿದಳು. "ನೀವೂ ನೋಡ್ರಿ."

ನೋಡಿದೆ. ಸುಕ್ಕುಗಳಿದ್ದವು, ಬಳೆಯ ಗುರುತಿತ್ತು. ಸುಟ್ಟ ಕಲೆ ಇರಲಿಲ್ಲ. ನಾನು ಕಣ್ಣೀರು ಹಾಕಿದೆನೆಂದು ಬರೆದರೆ ನೀವು ನಂಬುತ್ತೀರಿ, ಅದಕ್ಕಾಗಿಯೇ ಬರೆಯುವುದಿಲ್ಲ. ಮಜ್ಜಿಗೆಯ ಲೋಟ ಕೈಯಲ್ಲಿತ್ತು. ಅದನ್ನು ಕುಡಿದು ಮುಗಿಸಿದೆ. "ತಪ್ಪಾಯಿತು" ಎಂದೆ. "ಹೂಂ" ಎಂದಳು. ನನ್ನ ಕೈಯಿಂದ ಖಾಲಿ ಲೋಟವನ್ನು ತೆಗೆದುಕೊಂಡಳು.

ಹೊರಡುವಾಗ ಇದನ್ನು ಬರೆಯಲೇ ಎಂದು ಕೇಳಿದೆ. "ಬರೀರಿ. ಅವಳ ಹೆಸ್ರು ಸರಿಯಾಗಿ ಹಾಕ್ರಿ. ನಂದೂ ಹಾಕ್ರಿ, ಮುಚ್ಚಿಡಾದೇನೈತೆ," ಎಂದಳು. ಆದ್ದರಿಂದ ಹಾಕಿದ್ದೇನೆ. ಈ ಸಲ ಬೇರೆ ಹೆಸರುಗಳಿಲ್ಲ.

ಆ ಪುಸ್ತಕವನ್ನು ಇನ್ನು ಅಚ್ಚು ಮಾಡಬಾರದೆಂದು ಪ್ರಕಾಶಕರಿಗೆ ತಿಳಿಸಿದ್ದೇನೆ. ಆದರೆ ಈಗಾಗಲೇ ಮನೆಗಳಲ್ಲಿ, ಶಾಲೆಯ ಬೀರುಗಳಲ್ಲಿ ಇರುವ ಪ್ರತಿಗಳು ನನ್ನ ಕೈಯಲ್ಲಿಲ್ಲ; ನಿಮ್ಮ ಕೈಯಲ್ಲಿವೆ. ಆದ್ದರಿಂದ ಕೇಳಿಕೊಳ್ಳುತ್ತೇನೆ. ಕುರಿಮರಿ ಹಿಡಿದ ಹುಡುಗಿಯ ಆ ಪುಸ್ತಕ ನಿಮ್ಮಲ್ಲಿದ್ದರೆ, ಮೂರನೆಯ ಅಧ್ಯಾಯವನ್ನು ತೆರೆದು, ಸೌಟಿನ ಸಾಲಿನ ಪಕ್ಕದಲ್ಲಿ "ಹರಿಯಬ್ಬೆಯ ಓಬಮ್ಮ ಇದನ್ನು ಮಾಡಲಿಲ್ಲ" ಎಂದು ಬರೆದಿಡಿ. ಮಗುವಿಗೆ ಆ ಕಥೆಯನ್ನು ಓದಿ ಹೇಳುವಾಗ ಕೊನೆಯ ಅಧ್ಯಾಯಕ್ಕೆ ಮೊದಲು ನಿಲ್ಲಿಸಿ, ಗೌರಿ ಈಗ ಏನು ಮಾಡುತ್ತಾಳೆಂದು ಕೇಳಿ. ಮಗು ಏನು ಹೇಳಿದರೂ ತಿದ್ದಬೇಡಿ. ಪುಸ್ತಕವನ್ನು ಅಲ್ಲಿಗೇ ಮುಚ್ಚಿ.